ಗರಗ ಕಿತ್ತ ಮಳೆಗಾಲ

ಗರಗದ ಸೊಪ್ಪಿನ ಪುಡಿ ಒಣಗಿ ಎಷ್ಟು ಕಾಲವಾದರೂ ಡಬ್ಬಿಯ ಮುಚ್ಚಳ ತೆಗೆದರೆ ನನಗೆ ಹೊಳೆಯಂಚಿನ ಹಸಿ ಕೆಸರಿನ ವಾಸನೆ ಬರುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಒಪ್ಪುವವರಿಲ್ಲ. ಬರೀ ಒಣಹುಲ್ಲಿನ ವಾಸನೆ ಅನ್ನುತ್ತಾರೆ. ಕಳೆದ ವಾರ ಹೊಸದಾಗಿ ಸೇರಿದ ವಿದ್ಯಾರ್ಥಿನಿಗೆ ಪುಡಿ ತೂಗಿ ಕೊಡಲೆಂದು ಹಳೆಯ ಡಬ್ಬಿಯೊಂದನ್ನು ತೆರೆದೆ. ಮೇಲೆ ಅಂಟಿಸಿದ ಚೀಟಿಯಲ್ಲಿ ‘ಅಫಜಲಪುರ, ಭೀಮಾ ದಂಡೆ’ ಎಂದು ನನ್ನದೇ ಅಕ್ಷರವಿತ್ತು. ತೂಕ ಮುಗಿದ ಮೇಲೂ ಮುಚ್ಚಳ ಹಾಕಲು ಕೈ ತಡೆಯಿತು.

ಅದು ಮೂರು ವರ್ಷದ ಹಿಂದಿನ ಮಳೆಗಾಲದ ಗರಗ. ಆಗ ನಾನು ಕಲಬುರಗಿಯಲ್ಲಿ ಸಂಶೋಧನೆಗೆ ಸೇರಿ ವರ್ಷವೂ ಆಗಿರಲಿಲ್ಲ. ನಮ್ಮ ಕೆಲಸ ಯಕೃತ್ತಿನ ಕಲೆಗಳ ಬಗ್ಗೆ. ಯಕೃತ್ತಿಗೆ, ಅಂದರೆ ಎಲ್ಲರೂ ಲಿವರ್ ಅನ್ನುವ ಅಂಗಕ್ಕೆ, ಮತ್ತೆ ಮತ್ತೆ ಪೆಟ್ಟಾದಾಗ ಅದರೊಳಗಿನ ನಕ್ಷತ್ರದಾಕಾರದ ಕೆಲವು ಕೋಶಗಳು ತಮ್ಮ ನಿತ್ಯದ ಕೆಲಸ ಬಿಟ್ಟು ನಾರು ನೇಯತೊಡಗುತ್ತವೆ. ಗಾಯ ಮುಚ್ಚಲೆಂದೇ ನೇಯುತ್ತವೆ. ಪೆಟ್ಟು ನಿಲ್ಲದಿದ್ದರೆ ನೇಯ್ಗೆಯೂ ನಿಲ್ಲುವುದಿಲ್ಲ. ಮೆದುವಾಗಿರಬೇಕಾದ ಅಂಗ ಕಲೆಗಳಿಂದ ತುಂಬಿ ಬಿರುಸಾಗುತ್ತದೆ. ಗರಗದಲ್ಲಿರುವ ಕೆಲವು ಸಂಯುಕ್ತಗಳು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಆ ಕೋಶಗಳನ್ನು ಸುಮ್ಮನಾಗಿಸುತ್ತವೆ. ತಟ್ಟೆಯಲ್ಲಿ ಸುಮ್ಮನಾದದ್ದು ಮನುಷ್ಯನ ದೇಹದಲ್ಲೂ ಸುಮ್ಮನಾದೀತೇ ಎಂಬುದು ಬೇರೆಯೇ ಪ್ರಶ್ನೆ. ನನ್ನ ಪಾಲಿಗೆ ಬಂದದ್ದು ಅದಕ್ಕೂ ಹಿಂದಿನ ಕೆಲಸ. ಬೇರೆ ಬೇರೆ ನೆಲದ ಗರಗದಲ್ಲಿ ಆ ಸಂಯುಕ್ತಗಳ ಪ್ರಮಾಣ ಒಂದೇ ಇರುತ್ತದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಆರಿಸಿಕೊಂಡದ್ದು ಆಳಂದ, ಅಫಜಲಪುರ ಮತ್ತು ಜೇವರ್ಗಿ.

ಆಳಂದ ನನ್ನ ಊರು. ಮೊದಲ ಮಳೆಗೆ ಅಲ್ಲಿಯೇ ಶುರು ಮಾಡಿದೆ. ಹಳ್ಳದ ದಂಡೆಯಲ್ಲಿ ಕುಳಿತು ಬೇರು ಸಮೇತ ಗಿಡ ಕಿತ್ತು, ತೊಳೆದು, ಮನೆಯ ಮಾಳಿಗೆಯಲ್ಲಿ ನೆರಳಿಗೆ ಹರವಿದೆ. ಗರಗದ ಕಾಂಡ ಮುರಿದರೆ ರಸ ಬೆರಳಿಗೆ ಹತ್ತಿ ನೋಡನೋಡುತ್ತಲೇ ಕಪ್ಪಾಗುತ್ತದೆ. ಸಾಬೂನಿಗೂ ಹೋಗುವುದಿಲ್ಲ. ಅವ್ವ ನನ್ನ ಕೈ ನೋಡಿ, "ನಿಮ್ಮಪ್ಪ ನಿನ್ನ ಇಷ್ಟು ಓದಿಸಿದ್ದು ಕಸ ಕೀಳಾಕೇನವ್ವಾ? ಕೂಲಿಗೆ ಹೋಗಿದ್ರ ಪಗಾರಾದ್ರೂ ಬರ್ತಿತ್ತು" ಅಂದಳು. ಅಂದವಳೇ ಹರವಿದ್ದ ರಾಶಿಯಿಂದ ಒಂದು ಹಿಡಿ ಎತ್ತಿಕೊಂಡು ತಲೆಗೆ ಹಚ್ಚುವ ಎಣ್ಣೆ ಕಾಯಿಸಲು ಒಳಗೆ ಹೋದಳು.

ಅಫಜಲಪುರದಲ್ಲಿ ಗುರುತಿನವರಿರಲಿಲ್ಲ. ಸಹಪಾಠಿಯೊಬ್ಬಳ ಮೂಲಕ ಮಹಬೂಬ್ ಚಾಚಾ ಅವರ ಮನೆಯ ಮುಂಭಾಗದ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯಲ್ಲಿ ಚಾಚಾ ಮತ್ತು ರಾಬಿಯಾ ಚಾಚಿ ಇಬ್ಬರೇ. ಮಗಳು ಶಬಾನಾಳನ್ನು ಜೇವರ್ಗಿಗೆ ಕೊಟ್ಟಿದ್ದರು. ಚಾಚಾ ಟಂಟಂ ಓಡಿಸುತ್ತಿದ್ದರು. ಬಸ್ ನಿಲ್ದಾಣದ ಹೊರಗೆ ಸಾಲಾಗಿ ನಿಂತು ಹಳ್ಳಿಗಳಿಗೆ ಜನರನ್ನು ತುಂಬಿಕೊಂಡು ಹೋಗುವ ಮೂರು ಗಾಲಿಯ ಗಾಡಿ. ಬೆಳಗಿನ ಎರಡು ಸುತ್ತು ಮುಗಿದ ಮೇಲೆ ನನ್ನನ್ನು ಚೀಲಗಳೊಂದಿಗೆ ಭೀಮೆಯ ದಂಡೆಗೆ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಿದ್ದರು.

ಆ ವರ್ಷ ಮಳೆ ಹದವಾಗಿ ಬಂದಿತ್ತು. ತೊಗರಿ ಮೊಣಕಾಲೆತ್ತರಕ್ಕೆ ಬೆಳೆದಿತ್ತು. ಎರಿ ಮಣ್ಣು ಚಪ್ಪಲಿಗೆ ಮೆತ್ತಿ, ನಡೆದಂತೆಲ್ಲ ಭಾರವಾಗಿ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗುತ್ತಿತ್ತು. ನಾನು ಮಾತು ಕಡಿಮೆಯವಳು. ಚಾಚಾಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಇಬ್ಬರ ಮಾತನ್ನೂ ಅವರೇ ಆಡುತ್ತಿದ್ದರು. ಗಿಡಕ್ಕೆ ನಮ್ಮ ಮನೆಯಲ್ಲಿ ಗರಗ ಅನ್ನುತ್ತಾರೆ ಎಂದರೆ, "ನಮ್ಮ ಕಡಿ ಭಾಂಗ್ರಾ ಅಂತಾರ್ರಿ. ನಿಮ್ಮ ಆಳಂದದಾಗ ಮರಾಠಿ ಮಂದಿ ಮಾಕಾ ಅಂತಾರ. ಹೆಸರು ಮೂರು, ಕೈ ಕಪ್ಪಾಗೂದು ಒಂದೇ" ಅನ್ನುತ್ತಿದ್ದರು.

ಅದು ಏನಕ್ಕೆ ಎಂದು ಒಮ್ಮೆ ಕೇಳಿದರು. ಲಿವರಿನ ಔಷಧಕ್ಕೆ ಆದೀತೇ ಎಂದು ನೋಡುತ್ತಿದ್ದೇವೆ ಅಂದೆ. ಆ ದಿನ ಉಳಿದ ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಅದರ ಕಾರಣ ನನಗೆ ತಿಳಿದದ್ದು ಶ್ರಾವಣದ ಹೊತ್ತಿಗೆ.

ಒಂದು ಮಧ್ಯಾಹ್ನ ನಾನು ದಂಡೆಯಿಂದ ಬಂದಾಗ ಚಾಚಿ ಓಣಿಯ ಮನೆಮನೆಗೂ ಶೀರಾ ಕೊಟ್ಟು ಬರುತ್ತಿದ್ದರು. ನನ್ನ ಕೈಗೂ ಒಂದು ಬಟ್ಟಲು ಬಂತು. ಯಾಕೆಂದು ಕೇಳಿದರೆ, "ಹಂಗ ಸುಮ್ಮ ಬೇಟಿ, ಅಲ್ಲಾನ ಶುಕ್ರ್, ಅವನ ದಯಾ" ಅಂದರು. ಚಾಚಾ ಕಟ್ಟೆಯ ಮೇಲೆ ಕುಳಿತಿದ್ದವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ನನಗೆ ಹೇಳಿದರು:

"ನಿಮ್ಮ ಮುಂದ ಏನು ಮುಚ್ಚೂದ್ರಿ. ನಂಗ ಲಿವರಿಂದು ಬ್ಯಾನಿ ಇತ್ತು. ರಕ್ತದಾಗ ಕಾಮಣಿ ಹುಳ ಅದ ಅಂತ ಹೇಳಿದ್ರು. ಹೋದ ವರ್ಷದಿಂದ ದಿನಾ ಒಂದು ಗುಳಿಗಿ ತಗೊಳಾಕತ್ತಿದ್ದೆ. ಮೊನ್ನೆ ಕಲಬುರಗಿ ದವಾಖಾನಿಗೆ ಹೋಗಿದ್ನಲ್ಲ, ಡಾಕ್ಟರ್ ಏನಂದ್ರು ಗೊತ್ತೇನ್ರಿ? ಲಿವರ್ ಗಟ್ಟಿ ಆಗ್ಯದ ಅಂದ್ರು!"

ಅವರ ಮುಖ ಅರಳಿತ್ತು. ಎಡಗೈಯಿಂದ ಪಕ್ಕೆಯನ್ನು ತಟ್ಟಿಕೊಂಡರು. ಒಳ್ಳೆಯ ಎತ್ತಿನ ಬೆನ್ನು ತಟ್ಟುವ ಹಾಗೆ.

ಕ್ಷಣಕಾಲ ನಾನೂ ಸಂತೋಷಪಟ್ಟೆ. ನಮ್ಮ ಕಡೆ ಗಟ್ಟಿ ಎಂದರೆ ಹೊಗಳಿಕೆಯೇ. ಗಟ್ಟಿ ಆಳು, ಗಟ್ಟಿ ಮನಸ್ಸು, ಗಟ್ಟಿ ಕಾಳು. ಆದರೆ ಆಮೇಲೆ ಚಾಚಾ ತಪಾಸಣೆಯನ್ನು ವರ್ಣಿಸಿದರು. ಮಲಗಿಸಿ, ಬಲಗೈ ತಲೆಯ ಮೇಲೆ ಇರಿಸಿ, ಪಕ್ಕೆಲುಬಿನ ಸಂದಿಯಲ್ಲಿ ಒಂದು ಯಂತ್ರದಿಂದ ಟಕ್ ಟಕ್ ಎಂದು ಬಡಿದರಂತೆ. ಆ ಯಂತ್ರ ನನಗೆ ಗೊತ್ತು. ಅದು ಅಳೆಯುವುದು ಯಕೃತ್ತು ಎಷ್ಟು ಬಿರುಸಾಗಿದೆ ಎಂಬುದನ್ನೇ. ಆ ವೈದ್ಯರು ಬೆಂಗಳೂರು ಕಡೆಯವರಂತೆ; ತಿಳಿಯಲೆಂದೇ ಸರಳ ಕನ್ನಡದಲ್ಲಿ ಹೇಳಿರಬೇಕು, ಗಟ್ಟಿಯಾಗಿದೆ ಎಂದು. ಅವರ ಕೆಟ್ಟ ಸುದ್ದಿ ಇಲ್ಲಿಗೆ ಬರುವಷ್ಟರಲ್ಲಿ ಶೀರಾ ಆಗಿತ್ತು.

"ಗುಳಿಗಿ ಬಗ್ಗೆ ಏನಂದ್ರು ಚಾಚಾ?" ಎಂದು ಕೇಳಿದೆ.

"ಮುಂದವರಸ್ರಿ ಅಂದ್ರು. ಅವರು ಎಲ್ಲಾರಿಗೂ ಹಂಗೇ ಅಂತಾರ್ರಿ. ಗಟ್ಟಿ ಆದ ಮ್ಯಾಲೆ ಗುಳಿಗಿ ಯಾಕ? ಬಿಟ್ಟೇನಿ. ಈಗ ನಿಮ್ಮ ಭಾಂಗ್ರಾನೇ ಸಾಕು. ನಿಮ್ಮ ಚಾಚಿ ಮುಂಜಾನೆ ಅರದು ರಸ ಕೊಡಾಕತ್ತಾಳ."

ಅಡುಗೆಮನೆಯ ಒಳಕಲ್ಲು ಕಪ್ಪಾಗಿದ್ದನ್ನು ನಾನು ಎರಡು ದಿನಗಳಿಂದ ನೋಡುತ್ತಿದ್ದೆ. ಚಾಚಿ ತಲೆಯೆಣ್ಣೆ ಮಾಡುತ್ತಿರಬಹುದು ಎಂದುಕೊಂಡಿದ್ದೆ.

ಸಂಜೆ ಚಾಚಾ ಗಾಡಿ ತೆಗೆದುಕೊಂಡು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಾಚಿಗೆ ವಿಷಯ ಹೇಳಿದೆ. ಚಾಚಾ ‘ಕಾಮಣಿ ಹುಳ’ ಅಂದ ಕಾಮಾಲೆಯ ವೈರಸನ್ನು ಆ ಗುಳಿಗೆ ಅದುಮಿ ಹಿಡಿದಿರುತ್ತದೆ. ವೈದ್ಯರಿಗೆ ಹೇಳದೆ ಬಿಟ್ಟರೆ ಅದು ಒಮ್ಮೆಲೇ ಎದ್ದು ಲಿವರಿಗೆ ದೊಡ್ಡ ಪೆಟ್ಟು ಕೊಡಬಹುದು. ಈಗಾಗಲೇ ಕಲೆಗಟ್ಟಿದ ಲಿವರ್ ಅದನ್ನು ತಡೆಯದೇ ಇರಬಹುದು. ಚಾಚಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ರೊಟ್ಟಿ ತಟ್ಟೆಗಿಂತ ದೊಡ್ಡದಾಗಿ, ಅಂಚು ಹರಿದು, ಕೊನೆಗೆ ಹಿಟ್ಟಿನ ಮುದ್ದೆಯಾಗಿ ಮತ್ತೆ ಹಿಟ್ಟು ನಾದುವ ಪರಾತಕ್ಕೆ ಬಿತ್ತು.

"ಬೇಟಿ, ಒಂದು ವರ್ಷ ಆತು ಅವರು ಹೊಟ್ಟಿ ತುಂಬ ಊಟ ಮಾಡಿ," ಅಂದರು. "ಯಾವಾಗ ನೋಡಿದ್ರೂ ಗ್ವಾಡಿ ಕಡಿ ಮುಖ ಮಾಡಿ ಕುಂದ್ರತಿದ್ರು. ಮೊನ್ನೆಯಿಂದ ನಗಾಕತ್ತಾರ. ಗುಳಿಗಿ ನಾ ಜ್ವಾಳದ ಡಬ್ಬಿಯಾಗ ಮುಚ್ಚಿಟ್ಟು ಕೊಡ್ತಿದ್ದೆ. ಯಾರರ ನೋಡಿದ್ರ ಏನಂತಾರ ಹೇಳು? ಲಿವರ್ ಅಂದ್ರ ಸಾಕು, ಕುಡೀತಾನ ಅಂತಾರ. ಜಿಂದಗಿ ಒಳಗ ಒಂದು ಹನಿ ಮುಟ್ಟಿಲ್ಲ ಅವರು. ನಾಕು ದಿನ ತಡಿ. ನಾಕು ದಿನ ನಗಲಿ."

ಚಾಚಿ ಬೇಡಿದ್ದು ನಾಲ್ಕು ದಿನದ ನಗೆ. ಅದನ್ನು ಇಲ್ಲ ಅನ್ನುವುದು ನನಗೆ ಸುಲಭವಾಗಲಿಲ್ಲ. ಆದರೆ ಆ ದಿನಗಳು ವೈರಸಿಗೂ ಸಿಗುವಂಥವು. "ನಾಳೆ ಜೇವರ್ಗಿಗೆ ಹೋಗೂದದ. ದಾರಿಯಾಗ ನಾನೇ ಹೇಳ್ತೇನಿ ಚಾಚಿ" ಅಂದೆ. ಚಾಚಿ ತಲೆ ಎತ್ತದೆ, "ಮೆಲ್ಲಕ ಹೇಳು" ಅಂದರು. ಮುಂದಿನ ರೊಟ್ಟಿಯನ್ನು ಹಂಚಿಗೆ ಹಾಕಿ, "ಉಂಡ ಮ್ಯಾಲೆ ಹೇಳು" ಅಂದರು.

ಜೇವರ್ಗಿ ಟಂಟಂಗೆ ದೂರದ ದಾರಿ. ಆದರೂ ಮಗಳನ್ನು ನೋಡಿ ಬಂದಂತಾಗುತ್ತದೆ ಎಂದು ಚಾಚಾ ಗಾಡಿಯಲ್ಲೇ ಹೊರಟರು. ಜೇವರ್ಗಿ ಸೇರುವ ಮುಂಚೆ ಮಳೆ ಹಿಡಿಯಿತು. ವಿಜಯಪುರ ರಸ್ತೆಯ ಬದಿಗೆ ಮುಚ್ಚಿದ್ದ ಚಹಾ ಅಂಗಡಿಯೊಂದರ ತಗಡಿನ ಕೆಳಗೆ ಗಾಡಿ ನಿಲ್ಲಿಸಿ, ಚಾಚಿ ಕಟ್ಟಿಕೊಟ್ಟ ರೊಟ್ಟಿ, ಹೋಳಿಗೆಯ ಬುತ್ತಿ ಬಿಚ್ಚಿದೆವು. ಲಾರಿಗಳು ಹೋದಾಗಲೆಲ್ಲ ನೀರು ನಮ್ಮ ಕಾಲತನಕ ಸಿಡಿಯುತ್ತಿತ್ತು. ಊಟ ಮುಗಿಯುವವರೆಗೂ ಕಾದೆ.

"ಚಾಚಾ, ಡಾಕ್ಟರ್ ಗಟ್ಟಿ ಅಂದದ್ದು ಛಲೋ ಅನ್ನೂ ಅರ್ಥಕ್ಕಲ್ರಿ. ಲಿವರ್ ಮೆತ್ತಗಿರಬೇಕು. ಗಟ್ಟಿ ಆಗಬಾರ್ದು."

ಅವರು ನಕ್ಕರು. "ಮೆತ್ತಗಿದ್ದದ್ದು ಛಲೋ ಅಂತಾರೇನ್ರಿ ಯಾರಾದ್ರೂ?"

ಹಿಂದಿನ ದಿನ ನಾನು ಯೋಚಿಸಿಟ್ಟುಕೊಂಡಿದ್ದ ಹೋಲಿಕೆಯನ್ನು ಹೊರತೆಗೆದೆ. "ಈಗ ರೊಟ್ಟಿ ನೋಡ್ರಿ. ಬಿಸಿ ಇದ್ದಾಗ ಮೆತ್ತಗಿರ್ತದ. ಎರಡು ದಿನ ಬಿಟ್ರ ಗಟ್ಟಿ ಆಗ್ತದ. ಹಂಗ."

"ಖಡಕ್ ರೊಟ್ಟಿ ಅಂದ್ರ ಏನು ಕೆಟ್ಟದ್ದೇನ್ರಿ? ತಿಂಗಳಾನುಗಟ್ಟಲೆ ಇರ್ತದ. ಮುಂಬೈಕ ಹೋಗೋರು ಗಂಟು ಕಟ್ಟಿ ಒಯ್ತಾರ!"

ನನ್ನ ಹೋಲಿಕೆ ಅಲ್ಲಿಗೆ ಮುಗಿಯಿತು. ಇನ್ನೊಂದು ಸಿದ್ಧವಿರಲಿಲ್ಲ. ಹೋಲಿಕೆ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವೈರಸ್ ಒಳಗೆ ಹೇಗೆ ಗಾಯ ಮಾಡುತ್ತದೆ, ಗಾಯದ ಮೇಲೆ ಹೇಗೆ ಕಲೆ ಕೂಡುತ್ತದೆ, ಕಲೆ ಕೂಡಿದಲ್ಲಿ ರಕ್ತ ಹೇಗೆ ಸರಾಗವಾಗಿ ಹರಿಯುವುದಿಲ್ಲ ಎಂದು. ಚಾಚಾ ನಗು ಬಿಟ್ಟು ಕೇಳುತ್ತಿದ್ದರು. ಅವರ ಕಣ್ಣು ನನ್ನನ್ನು ದಾಟಿ ತಮ್ಮ ಗಾಡಿಯ ಮೇಲಿತ್ತು.

"ಡೀಸಲ್ಲಿನ ರಬ್ಬರ್ ಪೈಪು ಹಳೇದಾದ್ರ ಗಟ್ಟಿ ಆಗ್ತದ," ಅಂದರು ಕೊನೆಗೆ. "ಹಂಗೇನ್ರಿ?"

"ಹೌದ್ರಿ. ಹಂಗ."

"ಅದು ಸೀಳ್ತದ."

ಮಳೆ ನಿಂತ ಮೇಲೂ ಅವರು ಗಾಡಿ ಶುರು ಮಾಡಲಿಲ್ಲ. ಬುತ್ತಿಯ ಬಟ್ಟೆಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದರು. "ಓಣಿಗೆಲ್ಲ ಶೀರಾ ಹಂಚಿ ಬಂದಾಳಲ್ರಿ ಅಕಿ," ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೆಂಡತಿಗೆ ಇದನ್ನು ಹೇಗೆ ಹೇಳುವುದು ಎಂಬ ಚಿಂತೆಯಿತ್ತು. ಚಾಚಿಗೆ ಗೊತ್ತಿದೆ ಎಂದೆ. ಅವರು ನನ್ನನ್ನು ನೋಡಿದರು. "ಗೊತ್ತಿದ್ದೂ ಇವತ್ತು ಹೋಳಿಗಿ ಕಟ್ಟ್ಯಾಳ?" ಅಂದು ಮುಖ ಆಚೆ ತಿರುಗಿಸಿದರು.

ಆಮೇಲೆ ಅವರು ಕೇಳಿದ್ದೇ ನನಗೆ ಉತ್ತರಿಸಲು ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ.

"ಹಂಗಾದ್ರ ನಿಮ್ಮ ಭಾಂಗ್ರಾ? ನೀವೇ ಹೇಳಿದ್ರಲ್ಲ, ಲಿವರಿನ ಔಷಧ ಅಂತ. ಅದು ಆ ಗಾಯದ ಕಲಿ ತಗೀತದೋ ಇಲ್ಲೋ?"

"ಗೊತ್ತಿಲ್ರಿ ಚಾಚಾ."

"ಇಷ್ಟು ಚೀಲ ತುಂಬಾಕತ್ತೀರಿ, ಗೊತ್ತಿಲ್ಲ ಅಂದ್ರ?"

"ಗೊತ್ತಿಲ್ಲ ಅಂತನೇ ತುಂಬಾಕತ್ತೇನ್ರಿ. ಗಾಜಿನ ತಟ್ಟಿಯಾಗ ಅದರ ಕೆಲಸ ಕಂಡದ. ಮುಂದ ಇಲಿ ಮ್ಯಾಲೆ ನೋಡಬೇಕು. ಮನುಷ್ಯಾಗ ಎಷ್ಟು ಕೊಡಬೇಕು, ಕೊಟ್ಟರ ಬ್ಯಾರೆ ಏನಾಗ್ತದ, ಆ ಗುಳಿಗಿ ಜೋಡಿ ಕೂಡ್ತದೋ ಇಲ್ಲೋ, ಯಾವುದೂ ನಮಗ ಇನ್ನೂ ಗೊತ್ತಿಲ್ಲ. ನಿಮ್ಮ ಗುಳಿಗಿ ಬಗ್ಗೆ ಗೊತ್ತದ. ಅದು ಪೆಟ್ಟು ನಿಲ್ಲಸ್ತದ. ಪೆಟ್ಟು ನಿಂತ್ರ ಲಿವರ್ ತಾನೇ ಸ್ವಲ್ಪ ಸ್ವಲ್ಪ ಸುಧಾರಿಸಿಕೋಬಹುದು."

ಚಾಚಾ ಗಾಡಿಯಲ್ಲಿದ್ದ ಚೀಲಗಳ ಕಡೆ ನೋಡಿದರು. "ಅಂದ್ರ ನಾ ಇಲಿಗಿಂತ ಮೊದಲ ಕುಡದು ಕುಂತೇನಿ," ಅಂದರು. ಅಷ್ಟರಲ್ಲೂ ಅವರಿಗೆ ನಗು ಬಂತು. ನನಗೂ ತಡೆಯಲಾಗಲಿಲ್ಲ.

ಜೇವರ್ಗಿಯಲ್ಲಿ ಅಂದು ನಾನು ಅರ್ಧ ಚೀಲ ಗರಗವನ್ನಷ್ಟೇ ಕಿತ್ತೆ. ಶಬಾನಾಳ ಮನೆಯಲ್ಲಿ ಚಾಚಾ ಮಗಳನ್ನು ಪಕ್ಕಕ್ಕೆ ಕರೆದು, ರಕ್ತ ತೋರಿಸಿಕೋ ಎಂದು ಹೇಳಿದರು. ಇಂಥ ವೈರಸ್ ಮನೆಯ ಬೇರೆಯವರಲ್ಲೂ ಇರಬಹುದಾದ್ದರಿಂದ ಎಲ್ಲರೂ ತೋರಿಸಿಕೊಳ್ಳಬೇಕೆಂದು ನಾನೇ ಹೇಳಿದ್ದೆ. ಯಾಕೆಂದು ಕೇಳಿದ ಮಗಳಿಗೆ ಅವರು ಪೂರ್ತಿ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕಲಬುರಗಿಗೆ ಹೋಗಿ ವೈದ್ಯರನ್ನು ಕಂಡು ಬಂದರು. ಗುಳಿಗೆ ಬಿಟ್ಟದ್ದನ್ನೂ ರಸ ಕುಡಿದದ್ದನ್ನೂ ಎರಡನ್ನೂ ಹೇಳಿ ಬೈಸಿಕೊಂಡು ಬಂದರು. ಗುಳಿಗೆ ಮತ್ತೆ ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ದೊಡ್ಡ ಏರುಪೇರು ಕಂಡಿರಲಿಲ್ಲ. ಒಳಕಲ್ಲನ್ನು ಚಾಚಿ ಹುಣಸೆಹಣ್ಣು ಹಾಕಿ ತಿಕ್ಕಿದರು.

ಆದರೆ ಗುಳಿಗೆ ಮತ್ತೆ ಜೋಳದ ಡಬ್ಬಿ ಸೇರಿತು. ಮನೆಗೆ ಯಾರಾದರೂ ಬಂದರೆ ಚಾಚಿ ಡಬ್ಬಿ ತೆರೆಯುವಂತಿರಲಿಲ್ಲ. ಚಾಚಾ ಬೆಳಗಿನ ಸುತ್ತಿಗೆ ಬೇಗ ಹೋದ ದಿನ ಗುಳಿಗೆ ತಪ್ಪಿಯೇ ಹೋಗುತ್ತಿತ್ತು. ಜೇಬಿನಲ್ಲಿ ಇಟ್ಟುಕೊಳ್ಳಿ ಎಂದರೆ, "ಸ್ಟ್ಯಾಂಡಿನ್ಯಾಗ ಎಲ್ಲಾರೂ ನನ್ನ ಜೇಬಿಗೇ ಕೈ ಹಾಕ್ತಾರ್ರಿ, ಬೀಡಿ ಅದ ಏನಂತ" ಅನ್ನುತ್ತಿದ್ದರು. ಹೀಗೆ ಗುಳಿಗೆ ತಪ್ಪುವುದರ ಭಯ ನನಗೆ ಜೇವರ್ಗಿಯ ದಿನದ ಭಯಕ್ಕಿಂತ ಹೆಚ್ಚಾಯಿತು. ಪದದ ಅರ್ಥ ಒಂದು ಮಧ್ಯಾಹ್ನದಲ್ಲಿ ತಿದ್ದಬಹುದು. ನಾಚಿಕೆಗೆ ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ನನ್ನ ವಿಷಯಗಳನ್ನೂ ನಾನು ಯಾರಿಗೂ ಹೇಳಿಕೊಳ್ಳುವವಳಲ್ಲ.

ಮಳೆ ಕಡಿಮೆಯಾಗುತ್ತಿದ್ದ ಒಂದು ಬೆಳಿಗ್ಗೆ ನಾನು ಆಳಂದದ ಕಡೆ ಹೋಗಲು ಬಸ್ಸಿಗೆ ಕಾಯುತ್ತಿದ್ದೆ. ಟಂಟಂ ಸಾಲಿನ ಎದುರಿನ ಚಹಾ ಅಂಗಡಿಯಲ್ಲಿ ಚಾಚಾ ಮತ್ತು ಶರಣಪ್ಪ ನಿಂತಿದ್ದರು. ಶರಣಪ್ಪನೂ ಟಂಟಂ ಚಾಲಕ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಇಪ್ಪತ್ತು ವರ್ಷದ ಗೆಳೆತನ. ಒಂದೇ ಕಪ್ ಚಹಾ ತೆಗೆದುಕೊಂಡು, ಒಬ್ಬರು ಕೆಳಗಿನ ಬಸಿಯಲ್ಲಿ, ಒಬ್ಬರು ಕಪ್ಪಿನಲ್ಲಿ ಕುಡಿಯುವುದು ಅವರ ರೂಢಿ.

"ಏ ಮಹಬೂಬ," ಎಂದು ಶರಣಪ್ಪ ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದ. "ಕಲಬುರಗಿಯಾಗ ಲಿವರ್ ದವಾಖಾನಿ ಮುಂದ ನಿನ್ನ ನೋಡ್ಯಾರಂತಲ್ಲೋ. ಐದು ಹೊತ್ತು ನಮಾಜ್ ಮಾಡ್ತಿ, ಆರನೇದಕ್ಕ ಎಲ್ಲಿ ಕುಂದ್ರತಿ ಲೇ? ನಮ್ಮನ್ನೂ ಒಮ್ಮೆ ಕರಿ!"

ಸಾಲಿನ ಚಾಲಕರೆಲ್ಲ ನಕ್ಕರು. ಚಾಚಾ ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನಾಗಿರಲಿಲ್ಲ.

ಚಾಚಾ ಬಸಿ ಕೆಳಗಿಟ್ಟರು. ಒಳಜೇಬಿನಿಂದ ಕಾಗದದ ಪುಡಿಕೆ ತೆಗೆದು, ಬಿಚ್ಚಿ, ಗುಳಿಗೆಯನ್ನು ಎಲ್ಲರಿಗೂ ಕಾಣುವ ಹಾಗೆ ಅಂಗೈಯಲ್ಲಿ ಹಿಡಿದರು. ಆ ದಿನ ಅವರ ಜೇಬಿನಲ್ಲಿ ಅದು ಇದ್ದದ್ದು ನನಗೂ ಗೊತ್ತಿರಲಿಲ್ಲ.

"ನೋಡ್ರಿಲೇ. ನಂಗ ಲಿವರಿನ ಬ್ಯಾನಿ ಅದ. ಕುಡದು ಬಂದದ್ದಲ್ಲ. ರಕ್ತದಾಗ ಹುಳ ಅದ. ಯಾವಾಗ ಬಂದದೋ ಯಾರಿಗೂ ಗೊತ್ತಿಲ್ಲ, ಹುಟ್ಟಿದಾಗೇ ಬಂದಿರಬಹುದು ಅಂತಾರ ಡಾಕ್ಟರು. ದಿನಾ ಒಂದು ನುಂಗಬೇಕು. ನುಂಗ್ತೇನಿ. ಯಾರಿಗರ ನಗೂದಿದ್ರ ನಗ್ರಿ."

ಚಹಾದೊಂದಿಗೇ ನುಂಗಿದರು. ನುಂಗಿ, ಬಸಿಯನ್ನು ಮತ್ತೆ ಕಟ್ಟೆಯ ಮೇಲಿಟ್ಟರು. ಯಾರೂ ನಗಲಿಲ್ಲ. ಶರಣಪ್ಪ ತನ್ನ ಕೈಯ ಕಪ್ಪನ್ನು ನೋಡಿದ, ಚಾಚಾರ ಬಸಿಯನ್ನು ನೋಡಿದ. ಮತ್ತೆ ನನ್ನ ಕಡೆ ತಿರುಗಿದ.

"ಮೇಡಮ್ರಿ, ಇದು ಅಂಟ್ತದೇನ್ರಿ?"

"ಚಾ ಕುಡದ್ರ ಅಂಟಂಗಿಲ್ರಿ. ಜೋಡಿ ಉಂಡ್ರೂ ಅಂಟಂಗಿಲ್ಲ. ರಕ್ತದಿಂದ ಬರ್ತದ. ಅದಕ್ಕ ಲಸಿಕೆನೂ ಅದ."

ಶರಣಪ್ಪ ಬಸಿಯಲ್ಲಿ ಉಳಿದಿದ್ದ ಗುಟುಕನ್ನು ತಾನೇ ಎತ್ತಿ ಕುಡಿದ. "ಸಕ್ರಿ ಕಮ್ಮಿ ಆಗ್ಯದ ನೋಡ್ರಿ ಇದಕ್ಕ" ಎಂದು ಅಂಗಡಿಯವನಿಗೆ ಜೋರು ಮಾಡಿ, ಇನ್ನೊಂದು ಚಹಾ ಹೇಳಿದ. ಅದು ಬರುವಷ್ಟರಲ್ಲಿ ಚಾಚಾ ದವಾಖಾನೆಯ ಟಕ್ ಟಕ್ ಯಂತ್ರದ ಕತೆಯನ್ನೂ ಹೇಳಿ ಮುಗಿಸಿದರು. ನನ್ನ ಬಸ್ಸು ಬಂದಾಗ ಚೀಲ ಎತ್ತಿಕೊಡುವ ನೆವದಲ್ಲಿ ಬಾಗಿಲತನಕ ಬಂದು, ಪಿಸುಮಾತಿನಲ್ಲಿ ಕೇಳಿದ:

"ಆ ಟಕ್ ಟಕ್ ಮಷೀನು ನಂಗೂ ಬಡೀತಾರೇನ್ರಿ? ನಂದು ಮಾತ್ರ ಹುಟ್ಟಿದಾಗ ಬಂದದ್ದಲ್ರಿ."

ತೊಗರಿ ಹೂ ಬಿಡುವ ಹೊತ್ತಿಗೆ ನನ್ನ ಸಂಗ್ರಹ ಮುಗಿಯಿತು. ಮೂರೂ ತಾಲ್ಲೂಕಿನ ಪುಡಿಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿ ಕಲಬುರಗಿಗೆ ಮರಳಿದೆ. ಸಂಯುಕ್ತಗಳನ್ನು ಅಳೆದು ನೋಡಿದರೆ, ಗಿಡ ಒಂದೇ ಆದರೂ ಒಂದು ಊರಿನ ಪುಡಿಯಂತೆ ಇನ್ನೊಂದು ಊರಿನದಿಲ್ಲ, ಒಂದೇ ಊರಿನ ಎರಡು ದಂಡೆಗಳಲ್ಲೂ ಒಂದೇ ಸಮ ಇಲ್ಲ. ಇದರಿಂದ ಔಷಧ ಮಾಡುವುದಾದರೆ ಮೊದಲು ಇದನ್ನು ಬಗೆಹರಿಸಬೇಕು. ಅದೇ ಕೆಲಸ ಇನ್ನೂ ನಡೆದಿದೆ.

ಚಾಚಾ ಆರು ತಿಂಗಳಿಗೊಮ್ಮೆ ತಪಾಸಣೆಗೆ ಕಲಬುರಗಿಗೆ ಬರುತ್ತಾರೆ. ಬಂದಾಗಲೆಲ್ಲ ನಮ್ಮ ವಿಭಾಗದ ಹೊರಗಿನ ಬೇವಿನ ಕೆಳಗೆ ಚಾಚಿ ಕೊಟ್ಟ ಗಂಟು ಹಿಡಿದು ಕೂರುತ್ತಾರೆ. ಈ ಸಲ ಬಂದಾಗ ಯಂತ್ರದ ಅಳತೆ ಮೊದಲಿಗಿಂತ ಸ್ವಲ್ಪ ಇಳಿದಿತ್ತು. ವೈದ್ಯರು ಬರೆದುಕೊಟ್ಟದ್ದನ್ನು ನನಗೆ ಓದಲು ಕೊಟ್ಟು, ನಾನು ಓದಿ ಮುಗಿಸುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಒಳ್ಳೆಯದೇ ಆಗಿದೆ ಎಂದೆ. ಹಾಗೆಂದರೆ ಏನು ಎಂದು ಮೂರು ರೀತಿಯಲ್ಲಿ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಕಿಟಕಿಯೊಳಗೆ ಕಾಣುತ್ತಿದ್ದ ಡಬ್ಬಿಗಳ ಕಡೆ ಕೈ ತೋರಿಸಿ ಕೇಳಿದರು:

"ಆತೇನ್ರಿ ನಿಮ್ಮ ಔಷಧ?"

"ಇನ್ನೂ ಇಲ್ರಿ ಚಾಚಾ. ಯಾವಾಗ ಆಗ್ತದಂತ ಹೇಳಾಕೂ ಬರೂದಿಲ್ಲ."

ಅವರು ಎದ್ದು ನಿಂತು ಅಂಗಿಯ ಧೂಳು ಕೊಡವಿದರು.

"ಸಾವಕಾಶ ಮಾಡ್ರಿ," ಅಂದರು. "ನಂಗೇನೂ ಅವಸರ ಇಲ್ಲ."